ಜ್ಯೋತ್ಪತ್ತಿ: ಭಾರತೀಯ ಗಣಿತ ಪರಂಪರೆಯಲ್ಲಿ ತ್ರಿಕೋನಮಿತಿಯ ಅಧ್ಯಯನಕ್ರಮ

ಕನ್ನಡ ಮಾಧ್ಯಮದಲ್ಲಿ ಗಣಿತವನ್ನು ಅಭ್ಯಾಸ ಮಾಡುವ ಮಕ್ಕಳು ವೃತ್ತದ ಪಾಠದಲ್ಲಿ ‘ತ್ರಿಜ್ಯ’ ಮತ್ತು ‘ಜ್ಯಾ’ ಎಂಬ ಎರಡು ಪದಗಳನ್ನು ಕಲಿಯುತ್ತಾರೆ. ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿ ತ್ರಿಕೋನಮಿತಿಯ ಪಾಠ ಬಂದಾಗ ‘ಸೈನ್’ ಎಂಬ ಮೂರನೆಯ ಪದ ಎದುರಾಗುತ್ತದೆ. ಈ ಮೂರೂ ಪದಗಳು ಒಂದೇ ಮೂಲಕ್ಕೆ ಸೇರಿದವುಗಳೆಂಬ ಸಂಗತಿ ಸಾಮಾನ್ಯವಾಗಿ ಪಾಠದಲ್ಲಿ ಬರುವುದಿಲ್ಲ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಪರಿಧಿಯ ಒಂದು ಭಾಗವನ್ನು ಬಿಲ್ಲು (ಚಾಪ) ಎಂದು ಭಾವಿಸಿದರೆ ಅದರ ಎರಡು ತುದಿಗಳನ್ನು ಸೇರಿಸುವ ಸರಳರೇಖೆಯು ಹೆದೆಯಾಗುತ್ತದೆ; ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಇರುವ ಅಂತರವು ಶರ, ಅಂದರೆ ಬಾಣ. ಮೂರು ರಾಶಿಗಳ, ಎಂದರೆ 90 ಅಂಶಗಳ ಜ್ಯಾ ವೃತ್ತದ ವ್ಯಾಸಾರ್ಧಕ್ಕೆ ಸಮನಾಗಿರುವುದರಿಂದ ವ್ಯಾಸಾರ್ಧಕ್ಕೆ ತ್ರಿಜ್ಯಾ ಎಂಬ ಹೆಸರು ಬಂದಿತು. ಜ್ಯಾ ಶಬ್ದದ ಪರ್ಯಾಯವಾದ ‘ಜೀವಾ’ ಅರಬ್ಬೀ ಭಾಷೆಯಲ್ಲಿ ‘ಜೀಬ’ ಎಂದಾಯಿತು. ಹ್ರಸ್ವ ಸ್ವರಗಳನ್ನು ಬರೆಯದ ಆ ಲಿಪಿಯಲ್ಲಿ ಅದನ್ನು ಮುಂದಿನವರು ‘ಜೈಬ್’ ಎಂದು ಓದಿದರು. ಉಡುಪಿನ ಮಡಿಕೆ ಎಂಬ ಅರ್ಥದ ಈ ಪದವನ್ನು 12ನೆಯ ಶತಮಾನದ ಲ್ಯಾಟಿನ್ ಅನುವಾದಕರು ‘ಸಿನುಸ್’ ಎಂದು ಭಾಷಾಂತರಿಸಿದರು. ಹೀಗೆ ಹೆದೆಯೇ ಸೈನ್ ಆಗಿ ಮರಳಿ ಬಂದಿತು.

ಪದಗಳ ನಡುವಣ ಈ ಸಂಬಂಧ ಮರೆಯಾದಂತೆ ವಿಷಯಗಳ ನಡುವಣ ಸಂಬಂಧವೂ ಮರೆಯಾಗಿದೆ. ಇಂದು ತ್ರಿಕೋನಮಿತಿಯು ರೇಖಾಗಣಿತ, ಬೀಜಗಣಿತ ಮತ್ತು ಕಲನಶಾಸ್ತ್ರಗಳ ಪಕ್ಕದಲ್ಲಿರುವ ಪ್ರತ್ಯೇಕ ಅಧ್ಯಾಯವಾಗಿದೆ. ಭಾರತೀಯ ಪರಂಪರೆಯಲ್ಲಿ ಅದಕ್ಕೆ ಪ್ರತ್ಯೇಕ ಶಾಸ್ತ್ರದ ಸ್ಥಾನ ಇರಲಿಲ್ಲ. ಉಳಿದ ಗಣಿತಶಾಖೆಗಳು ಬಂದು ಕೂಡುವ ಎಡೆಯಾಗಿ ಅದು ಗ್ರಹಗಣಿತದ ಒಳಗೆ ಬೆಳೆಯಿತು. ಜ್ಯಾಗಳ ಕೋಷ್ಟಕವನ್ನು ಕಂಠಪಾಠ ಮಾಡುವುದು ಒಂದು ವಿದ್ಯೆ; ಆ ಕೋಷ್ಟಕವನ್ನು ಹುಟ್ಟಿಸುವುದು ಮತ್ತೊಂದು ವಿದ್ಯೆ. ಎರಡನೆಯದಕ್ಕೆ ‘ಜ್ಯೋತ್ಪತ್ತಿ’ ಎಂದು ಹೆಸರು. ಈ ಎರಡರ ನಡುವಣ ಸೆಳೆತವು ಸಾವಿರ ವರ್ಷಗಳ ಗಣಿತಶಿಕ್ಷಣದಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರ್ಯಭಟನ ಎರಡು ಮಾರ್ಗಗಳು

ವೃತ್ತದ ಜ್ಯಾಗಳನ್ನು ಕೋಷ್ಟಕವಾಗಿ ಸಿದ್ಧಪಡಿಸುವ ಕ್ರಮ ಗ್ರೀಕ್ ಖಗೋಳಶಾಸ್ತ್ರದಲ್ಲಿಯೂ ಇದ್ದಿತು. ಕ್ರಿ.ಶ. 2ನೆಯ ಶತಮಾನದ ಟಾಲೆಮಿಯ ‘ಆಲ್ಮಜೆಸ್ಟ್’ ಗ್ರಂಥದಲ್ಲಿ 60 ಭಾಗಗಳ ತ್ರಿಜ್ಯಕ್ಕೆ ಅರ್ಧ ಅಂಶದ ಅಂತರದಲ್ಲಿ ಪೂರ್ಣಜ್ಯಾಗಳ ಕೋಷ್ಟಕವಿದೆ. ಭಾರತೀಯರು ಪೂರ್ಣಜ್ಯಾವನ್ನು ಬಿಟ್ಟು ಅದರ ಅರ್ಧವನ್ನು ಹಿಡಿದರು. ಈ ಬದಲಾವಣೆ ಚಿಕ್ಕದಾಗಿ ತೋರಿದರೂ ಅದರ ಪರಿಣಾಮ ದೊಡ್ಡದು. ಅರ್ಧಜ್ಯಾವು ನೇರವಾಗಿ ಒಂದು ಲಂಬಕೋನ ತ್ರಿಭುಜದ ಭುಜವಾಗುತ್ತದೆ, ಕೋಟಿಜ್ಯಾ ಅದರ ಇನ್ನೊಂದು ಬಾಹುವಾಗುತ್ತದೆ, ತ್ರಿಜ್ಯವು ಕರ್ಣವಾಗುತ್ತದೆ. ವೃತ್ತದ ಪ್ರಶ್ನೆಯು ಹೀಗೆ ತ್ರಿಭುಜದ ಪ್ರಶ್ನೆಯಾಗಿ ಪರಿವರ್ತನೆಗೊಂಡಿತು. ಕಾಲಾನಂತರದಲ್ಲಿ ಅರ್ಧಜ್ಯಾವನ್ನೇ ಜ್ಯಾ ಎಂದು ಕರೆಯುವುದು ರೂಢಿಯಾಯಿತು.

ಕ್ರಿ.ಶ. 476ರಲ್ಲಿ ಜನಿಸಿದ ಆರ್ಯಭಟನು 499ನ್ನು ತನ್ನ ಕಾಲಗಣನೆಯ ಆಧಾರವಾಗಿಟ್ಟುಕೊಂಡು ರಚಿಸಿದ ‘ಆರ್ಯಭಟೀಯ’ದಲ್ಲಿ ಜ್ಯಾಗಳು ಎರಡು ಕಡೆ ಬರುತ್ತವೆ. ಗೀತಿಕಾಪಾದದ ಒಂದೇ ಶ್ಲೋಕದಲ್ಲಿ 24 ಜ್ಯಾಂತರಗಳು ಅಕ್ಷರಸಂಖ್ಯೆಗಳ ರೂಪದಲ್ಲಿ ಅಡಕವಾಗಿವೆ: 225, 224, 222, 219, 215, 210, 205 ಎಂದು ಆರಂಭವಾಗಿ 51, 37, 22, 7 ಎಂದು ಮುಗಿಯುವ ಈ ಅಂತರಗಳನ್ನು ಒಂದರ ಮೇಲೊಂದು ಕೂಡುತ್ತ ಹೋದರೆ 3 ಅಂಶ 45 ಕಲೆಗಳ ಅಂತರದಲ್ಲಿ ಎಲ್ಲ ಜ್ಯಾಗಳೂ ದೊರೆಯುತ್ತವೆ, ಕೊನೆಯ ಮೊತ್ತ 3438. ವೃತ್ತದ ಪರಿಧಿಯಲ್ಲಿ 21,600 ಕಲೆಗಳಿವೆ. ವ್ಯಾಸ 20,000 ಇದ್ದರೆ ಪರಿಧಿ 62,832ಕ್ಕೆ ಸಮೀಪವೆಂಬ ಆರ್ಯಭಟನ ಮಾನದಿಂದ ತ್ರಿಜ್ಯವನ್ನು ಕಂಡುಹಿಡಿದರೆ ಸುಮಾರು 3438 ಕಲೆ ಬರುತ್ತದೆ. ಚಾಪವನ್ನೂ ಜ್ಯಾವನ್ನೂ ಒಂದೇ ಮಾನದಲ್ಲಿ ಅಳೆಯುವ ಈ ಕ್ರಮವು ಇಂದಿನ ರೇಡಿಯನ್ ಮಾನದ ತತ್ತ್ವಕ್ಕೆ ಹತ್ತಿರವಾದುದು.

ಇದು ಕಂಠಪಾಠದ ಭಾಗ. ಗಣಿತಪಾದದಲ್ಲಿ ಇವೇ ಜ್ಯಾಗಳನ್ನು ಪಡೆಯುವ ಎರಡು ಮಾರ್ಗಗಳು ಸೂತ್ರರೂಪದಲ್ಲಿವೆ. ಮೊದಲನೆಯದು ಕ್ಷೇತ್ರಮಾರ್ಗ. ವೃತ್ತದೊಳಗಿನ ಷಡ್ಭುಜದ ಬಾಹು ತ್ರಿಜ್ಯಕ್ಕೆ ಸಮನಾದುದರಿಂದ 30 ಅಂಶಗಳ ಜ್ಯಾ 3438ರ ಅರ್ಧ, ಅಂದರೆ 1719. ಇದು ಕೋಷ್ಟಕದ 8ನೆಯ ಜ್ಯಾ. ವೃತ್ತದೊಳಗಿನ ಚೌಕದಿಂದ 45 ಅಂಶಗಳ ಜ್ಯಾ 2431, ಇದು 12ನೆಯದು. ಅರ್ಧಚಾಪದ ಜ್ಯಾವನ್ನು ಕಂಡುಹಿಡಿಯುವ ಕ್ರಮದಿಂದ 8ನೆಯದರಿಂದ 4, 2, 1ನೆಯ ಜ್ಯಾಗಳೂ 12ನೆಯದರಿಂದ 6, 3ನೆಯ ಜ್ಯಾಗಳೂ ಸಿದ್ಧವಾಗುತ್ತವೆ. ಭುಜ–ಕೋಟಿಗಳ ಸಂಬಂಧದಿಂದ 16, 20, 22, 23, 18, 21ನೆಯವು ದೊರೆಯುತ್ತವೆ. ಅವುಗಳನ್ನು ಮತ್ತೆ ಅರ್ಧಿಸಿ ಉಳಿದವನ್ನು ಪಡೆಯಬಹುದು. ಭುಜ–ಕೋಟಿ–ಕರ್ಣ ನ್ಯಾಯ ಮತ್ತು ವರ್ಗಮೂಲ, ಇವೆರಡೇ ಇಲ್ಲಿ ಬೇಕಾದ ಸಾಧನಗಳು.

ಎರಡನೆಯ ಮಾರ್ಗ ಬೇರೆ ಬಗೆಯದು. ಅದರಂತೆ ಪ್ರತಿಯೊಂದು ಜ್ಯಾವನ್ನು ಮೊದಲ ಜ್ಯಾದಿಂದ, ಎಂದರೆ 225ರಿಂದ ಭಾಗಿಸಿ ಬಂದ ಲಬ್ಧವನ್ನು ಅದುವರೆಗಿನ ಅಂತರದಿಂದ ಕಳೆದರೆ ಮುಂದಿನ ಅಂತರ ಸಿಗುತ್ತದೆ. 225ನ್ನು 225ರಿಂದ ಭಾಗಿಸಿದರೆ 1. ಆದ್ದರಿಂದ ಎರಡನೆಯ ಅಂತರ 224, ಎರಡನೆಯ ಜ್ಯಾ 449. ಇದನ್ನು 225ರಿಂದ ಭಾಗಿಸಿದರೆ ಸುಮಾರು 2. ಮೂರನೆಯ ಅಂತರ 222. ಹೀಗೆ ಆರನೆಯ ಅಂತರದವರೆಗೆ ಲೆಕ್ಕವು ಕೋಷ್ಟಕಕ್ಕೆ ಸರಿಹೊಂದುತ್ತದೆ. ಏಳನೆಯ ಅಂತರವು ಪೂರ್ಣಾಂಕದ ಲೆಕ್ಕದಲ್ಲಿ 204 ಬರಬೇಕಾದೆಡೆ ಕೋಷ್ಟಕದಲ್ಲಿ 205 ಇದೆ. ಕೋಷ್ಟಕವು ಈ ಸೂತ್ರವೊಂದರಿಂದಲೇ ಯಾಂತ್ರಿಕವಾಗಿ ಹುಟ್ಟಿದುದಲ್ಲವೆಂಬುದಕ್ಕೆ ಇದೊಂದು ಸೂಚನೆ. ಜ್ಯಾಂತರಗಳು ಕುಗ್ಗುವ ಪ್ರಮಾಣವು ಜ್ಯಾಕ್ಕೇ ಅನುಪಾತದಲ್ಲಿದೆ ಎಂಬುದು ಈ ಮಾರ್ಗದ ತಿರುಳು. ಇದರಲ್ಲಿ ಅಡಗಿದ್ದ ಶಕ್ತಿಯು ಪೂರ್ಣವಾಗಿ ಪ್ರಕಟವಾಗಲು ಸುಮಾರು ಒಂಬತ್ತು ಶತಮಾನಗಳು ಬೇಕಾದವು.

ಅಂಕಗಣಿತದೊಡನೆ ನಂಟು

ಕೋಷ್ಟಕದಲ್ಲಿ ಇಲ್ಲದ ಕೋನಕ್ಕೆ ಜ್ಯಾವನ್ನು ಹೇಗೆ ಪಡೆಯಬೇಕು ಎಂಬ ಪ್ರಶ್ನೆಯಿಂದ ತ್ರಿಕೋನಮಿತಿಯು ಅಂಕಗಣಿತದ ಕಡೆಗೆ ತೆರೆದುಕೊಂಡಿತು. ತ್ರೈರಾಶಿಕವು ಅತ್ಯಂತ ಸುಲಭವಾದ ಉತ್ತರ. ಅದು ಸ್ಥೂಲವೂ ಹೌದು. 598ರಲ್ಲಿ ಜನಿಸಿದ ಬ್ರಹ್ಮಗುಪ್ತನು 665ರ ‘ಖಂಡಖಾದ್ಯಕ’ದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕ್ರಮವನ್ನು ಕೊಟ್ಟನು. ಅವನ ಕೋಷ್ಟಕದಲ್ಲಿ ತ್ರಿಜ್ಯ 150. 15 ಅಂಶಗಳಿಗೊಂದರಂತೆ ಅಂತರಗಳು 39, 36, 31, 24, 15, 5. 40 ಅಂಶಗಳ ಜ್ಯಾ ಬೇಕೆಂದು ಭಾವಿಸೋಣ. 30 ಅಂಶಗಳವರೆಗೆ 75 ಆಯಿತು. ಉಳಿದ 10 ಅಂಶಗಳು 15ರ ಮೂರನೆಯ ಎರಡು ಭಾಗ. ತ್ರೈರಾಶಿಕದಿಂದ ಬರುವ ಮೊತ್ತ 95.67. ಬ್ರಹ್ಮಗುಪ್ತನು ಕಳೆದ ಅಂತರ 36 ಮತ್ತು ಬರಲಿರುವ ಅಂತರ 31 ಇವುಗಳ ಸರಾಸರಿಯಿಂದ, ಅವುಗಳ ವ್ಯತ್ಯಾಸದ ಅರ್ಧದ ಮೂರನೆಯ ಎರಡು ಭಾಗವನ್ನು ಕಳೆದು 31.83 ಎಂಬ ಸ್ಪಷ್ಟಾಂತರವನ್ನು ಪಡೆಯುತ್ತಾನೆ. ಅದರಿಂದ ಬರುವ ಜ್ಯಾ 96.22. ಇಂದಿನ ಲೆಕ್ಕದಂತೆ ನಿಜವಾದ ಬೆಲೆ 96.42. ಅಂತರಗಳ ಅಂತರವನ್ನೂ ಲೆಕ್ಕಕ್ಕೆ ತಂದುಕೊಳ್ಳುವ ಈ ಕ್ರಮವು ಜ್ಯಾಗಳಿಗೆ ಮಾತ್ರ ಸೀಮಿತವಾದುದಲ್ಲ. ಯಾವ ಕೋಷ್ಟಕಕ್ಕಾದರೂ ಅದು ಸಲ್ಲುತ್ತದೆ.

ಅದೇ ಶತಮಾನದ ಮೊದಲನೆಯ ಭಾಸ್ಕರನು ‘ಮಹಾಭಾಸ್ಕರೀಯ’ದಲ್ಲಿ ಕೋಷ್ಟಕದ ಹಂಗೇ ಇಲ್ಲದ ಸೂತ್ರವೊಂದನ್ನು ಕೊಟ್ಟನು. ಕೋನದ ಅಂಶಗಳನ್ನು 180ರಿಂದ ಕಳೆದು, ಶೇಷವನ್ನು ಅದೇ ಅಂಶಗಳಿಂದ ಗುಣಿಸಬೇಕು. ಆ ಗುಣಲಬ್ಧದ ನಾಲ್ಕರಷ್ಟನ್ನು, 40,500ರಿಂದ ಅದೇ ಗುಣಲಬ್ಧವನ್ನು ಕಳೆದ ಶೇಷದಿಂದ ಭಾಗಿಸಿ ತ್ರಿಜ್ಯದಿಂದ ಗುಣಿಸಿದರೆ ಜ್ಯಾ ಬರುತ್ತದೆ. 30 ಮತ್ತು 90 ಅಂಶಗಳಿಗೆ ಈ ಸೂತ್ರ ನಿಖರ. 45 ಅಂಶಗಳಿಗೆ 0.7071 ಬರಬೇಕಾದಲ್ಲಿ 0.7059 ಬರುತ್ತದೆ. ವಕ್ರರೇಖೆಯೊಂದನ್ನು ಕೇವಲ ಗುಣಾಕಾರ–ಭಾಗಾಕಾರಗಳಿಂದ ಹಿಡಿಯುವ ಈ ಯತ್ನವು ಮುಂದಿನ ಶಿಕ್ಷಣಕ್ರಮದಲ್ಲಿ ಮಹತ್ತ್ವದ ಪಾತ್ರ ವಹಿಸಲಿತ್ತು.

ಗ್ರಹಗಣಿತದ ಸಂಪರ್ಕವಿಲ್ಲದ ಗಣಿತವು ಜ್ಯಾಕೋಷ್ಟಕವಿಲ್ಲದೆಯೇ ಬೆಳೆಯಿತೆಂಬುದಕ್ಕೆ ಕರ್ನಾಟಕದ ನೆಲದಲ್ಲಿಯೇ ನಿದರ್ಶನವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವು ಅಂಕಗಣಿತ, ಬೀಜಗಣಿತ ಮತ್ತು ಕ್ಷೇತ್ರಗಣಿತಗಳನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಬಿಲ್ಲಿನಾಕಾರದ ಕ್ಷೇತ್ರವೂ ಅದರಲ್ಲಿದೆ. ಹೆದೆ ಮತ್ತು ಬಾಣಗಳಿಂದ ಬಿಲ್ಲಿನ ಉದ್ದವನ್ನು ಪಡೆಯುವ ಸ್ಥೂಲ ಮತ್ತು ಸೂಕ್ಷ್ಮ ಸೂತ್ರಗಳೂ ಇವೆ. ಆದರೆ ಕೋನಕ್ಕೆ ತಕ್ಕ ಜ್ಯಾವನ್ನು ಹೇಳುವ ಕೋಷ್ಟಕ ಅಲ್ಲಿಲ್ಲ. ಭೂಮಿ, ಧಾನ್ಯ, ಚಿನ್ನ, ಬಡ್ಡಿಗಳ ಲೆಕ್ಕಕ್ಕೆ ಅದು ಬೇಕಿರಲಿಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಈ ಗ್ರಂಥವನ್ನು ಆರ್ಯಭಟೀಯದ ಪಕ್ಕದಲ್ಲಿಟ್ಟು ಓದಿದರೆ, ತ್ರಿಕೋನಮಿತಿಯನ್ನು ಪೋಷಿಸಿದ್ದು ಆಕಾಶದ ಲೆಕ್ಕವೆಂಬುದು ಸ್ಪಷ್ಟವಾಗುತ್ತದೆ.

ಭಾಸ್ಕರಾಚಾರ್ಯನ ಪಾಠಕ್ರಮ

1114ರಲ್ಲಿ ಜನಿಸಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಎರಡನೆಯ ಭಾಸ್ಕರಾಚಾರ್ಯನಲ್ಲಿ ಈ ಎರಡು ಧಾರೆಗಳು ಸೇರುತ್ತವೆ. ಅವನು ಹೇಳುವ ವಿಜ್ಜಡವಿಡವು ವಿಜಯಪುರವೆಂದು ಕೆಲವರೂ ಮಹಾರಾಷ್ಟ್ರದ ಊರೆಂದು ಕೆಲವರೂ ಗುರುತಿಸಿದ್ದಾರೆ. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು ಒಂದು ಪಾಠಕ್ರಮದಂತೆಯೇ ಇವೆ. ಲೀಲಾವತಿಯನ್ನು ಓದುವವರಿಗೆ ಮುರಿದ ಬಿದಿರು, ಹಾವು–ನವಿಲುಗಳ ಲೆಕ್ಕಗಳ ಮೂಲಕ ಲಂಬಕೋನ ತ್ರಿಭುಜವು ಪರಿಚಯವಾಗುತ್ತದೆ. ಅನಂತರ 1,20,000 ವ್ಯಾಸದ ವೃತ್ತದೊಳಗೆ ರಚಿಸಿದ ಸಮಬಹುಭುಜಗಳ ಬಾಹುಗಳು ಬರುತ್ತವೆ: ತ್ರಿಭುಜಕ್ಕೆ 1,03,923, ಪಂಚಭುಜಕ್ಕೆ 70,534, ಸಪ್ತಭುಜಕ್ಕೆ 52,055, ನವಭುಜಕ್ಕೆ 41,031. ಇವು ಹೇಗೆ ಬಂದುವೆಂಬುದನ್ನು ಲೀಲಾವತಿಯ ಸೂತ್ರಗಳು ಹೇಳುವುದಿಲ್ಲ.

ಉತ್ತರ ಗೋಲಾಧ್ಯಾಯದ ‘ಜ್ಯೋತ್ಪತ್ತಿ’ ಪ್ರಕರಣದಲ್ಲಿದೆ. ಜ್ಯೋತ್ಪತ್ತಿಯನ್ನು ಬಲ್ಲವನಿಗೆ ಆಚಾರ್ಯಪದವಿ ಸಲ್ಲುತ್ತದೆ ಎಂಬ ಅಭಿಪ್ರಾಯದೊಡನೆ ಅದು ಆರಂಭವಾಗುತ್ತದೆ. ಎರಡು ಚಾಪಗಳ ಮೊತ್ತದ ಮತ್ತು ವ್ಯತ್ಯಾಸದ ಜ್ಯಾವನ್ನು ಪಡೆಯುವ ಭಾವನಾ ಸೂತ್ರಗಳು, 18 ಮತ್ತು 36 ಅಂಶಗಳ ಜ್ಯಾಗಳು, ಪ್ರತಿ ಅಂಶಕ್ಕೂ ಜ್ಯಾವನ್ನು ಕಟ್ಟುವ ಕ್ರಮ, ಇವೆಲ್ಲ ಅಲ್ಲಿವೆ. ‘ಭಾವನಾ’ ಎಂಬ ಹೆಸರು ಬೀಜಗಣಿತದ ವರ್ಗಪ್ರಕೃತಿ ಪ್ರಕರಣದಿಂದ ಬಂದುದು. ಬೀಜಗಣಿತದಲ್ಲಿ ಎರಡು ಪರಿಹಾರಗಳನ್ನು ಕೂಡಿಸಿ ಮೂರನೆಯದನ್ನು ಪಡೆಯುವ ವಜ್ರಾಭ್ಯಾಸದ ಗುಣಾಕಾರವೇ ಇಲ್ಲಿ ಎರಡು ಜ್ಯಾಗಳನ್ನು ಕೂಡಿಸುತ್ತದೆ. ಬೀಜಗಣಿತವನ್ನು ಕಲಿಯದೆ ಬಂದವರಿಗೆ ಈ ಹೆಸರಿನ ಔಚಿತ್ಯ ತಿಳಿಯುವಂತಿಲ್ಲ.

ಲೀಲಾವತಿಯ ಸಂಖ್ಯೆಗಳಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾದುದು. ತ್ರಿಭುಜ ಮತ್ತು ಪಂಚಭುಜಗಳ ಬಾಹುಗಳು ಇಂದಿನ ಲೆಕ್ಕಕ್ಕೂ ಸರಿಯಾಗಿವೆ. ಸಪ್ತಭುಜದ ಬಾಹು 52,066, ನವಭುಜದ ಬಾಹು 41,042 ಆಗಬೇಕು. ಎರಡರಲ್ಲಿಯೂ 11ರ ಕೊರತೆಯಿದೆ. ಇದರ ಹಿಂದೆ ಬೀಜಗಣಿತದ ತೊಡಕೊಂದಿದೆ. ಮೊದಲಿನವನ್ನು ವರ್ಗಮೂಲಗಳಿಂದ ಪಡೆಯಬಹುದು. 7 ಮತ್ತು 9 ಬಾಹುಗಳ ಕ್ಷೇತ್ರಗಳಿಗೆ ಘನ ಸಮೀಕರಣ ಬೇಕು. ಒಂದು ಅಂಶದ ಜ್ಯಾಕ್ಕೂ ಇದೇ ತೊಡಕು. ಭಾಸ್ಕರನು ಒಂದು ಅಂಶಕ್ಕೆ 573ರಲ್ಲಿ 10 ಎಂಬ ಅತ್ಯಂತ ಸಮೀಪದ ಅನುಪಾತವನ್ನು ಬಳಸಿ ಮುಂದೆ ಸಾಗಿದನು. 15ನೆಯ ಶತಮಾನದಲ್ಲಿ ಸಮರ್ಕಂದದ ಅಲ್ ಕಾಶಿಯು ಘನ ಸಮೀಕರಣವನ್ನು ಪುನರಾವರ್ತನೆಯ ಲೆಕ್ಕದಿಂದ ಬಿಡಿಸಿ ಇದೇ ಜ್ಯಾವನ್ನು ಬಹು ಸೂಕ್ಷ್ಮವಾಗಿ ಕಂಡುಹಿಡಿದನು. ತ್ರಿಕೋನಮಿತಿಯ ಒಂದು ಸರಳ ಪ್ರಶ್ನೆಯು ಎರಡು ಸಂಸ್ಕೃತಿಗಳಲ್ಲಿಯೂ ಬೀಜಗಣಿತದ ಬಾಗಿಲಿಗೇ ಬಂದು ನಿಂತಿತು.

ಸುಲಭಮಾರ್ಗ ಮತ್ತು ಉಪಪತ್ತಿ

ಪಂಚಾಂಗವನ್ನು ರಚಿಸುವವರಿಗೆ ದಿನನಿತ್ಯ ಬೇಕಾದುದು ಜ್ಯೋತ್ಪತ್ತಿಯಲ್ಲ, ಶೀಘ್ರವಾದ ಉತ್ತರ. ಭಾಸ್ಕರನೇ 1183ರ ‘ಕರಣಕುತೂಹಲ’ವನ್ನು ಇಂಥ ಬಳಕೆಗಾಗಿ ಬರೆದನು. ಈ ಪ್ರವೃತ್ತಿಯ ತುತ್ತತುದಿಯು ಕೊಂಕಣ ತೀರದ ನಂದಿಗ್ರಾಮದ ಗಣೇಶ ದೈವಜ್ಞನ ‘ಗ್ರಹಲಾಘವ’. 1520ನ್ನು ಆರಂಭವರ್ಷವಾಗಿ ಇಟ್ಟುಕೊಂಡ ಈ ಕರಣಗ್ರಂಥವು ಜ್ಯಾ–ಚಾಪಗಳನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಮಹಾರಾಷ್ಟ್ರ, ಗುಜರಾತ್ ಮತ್ತು ಕರ್ನಾಟಕಗಳಲ್ಲಿ ಅದು ಪಂಚಾಂಗಗಣಿತಕ್ಕೆ ಬಹುಕಾಲ ಆಧಾರವಾಗಿತ್ತು.

ಜ್ಯಾವನ್ನು ಬಿಟ್ಟ ಮಾತ್ರಕ್ಕೆ ತ್ರಿಕೋನಮಿತಿಯನ್ನು ಬಿಟ್ಟಂತಾಗಲಿಲ್ಲ. ಮಧ್ಯಮ ಸೂರ್ಯನ ಸ್ಥಾನವನ್ನು ತಿದ್ದುವ ಮಂದಫಲಕ್ಕೆ ಗಣೇಶನು ಹೇಳುವ ಕ್ರಮ ಹೀಗಿದೆ: ಭುಜಾಂಶಗಳನ್ನು 9ರಿಂದ ಭಾಗಿಸಿ, ಲಬ್ಧವನ್ನು 20ರಿಂದ ಕಳೆದು, ಶೇಷವನ್ನು ಲಬ್ಧದಿಂದ ಗುಣಿಸಬೇಕು, ಈ ಗುಣಲಬ್ಧದ ಒಂಬತ್ತನೆಯ ಒಂದು ಭಾಗವನ್ನು 57ರಿಂದ ಕಳೆದು, ಆ ಶೇಷದಿಂದ ಗುಣಲಬ್ಧವನ್ನು ಭಾಗಿಸಬೇಕು. 90 ಅಂಶಗಳಿಗೆ ಗುಣಲಬ್ಧ 100. ಫಲ ಸುಮಾರು 2.18 ಅಂಶ. 180ನ್ನು 9ರಿಂದ ಭಾಗಿಸಿದರೆ 20 ಬರುತ್ತದೆಂಬುದನ್ನು ನೆನೆದರೆ ಈ ಸೂತ್ರದ ಮೂಲ ತಿಳಿಯುತ್ತದೆ. ಮೊದಲನೆಯ ಭಾಸ್ಕರನ ಸೂತ್ರವನ್ನು 81ರಿಂದ ಅಪವರ್ತಿಸಿದರೆ, ಗುಣಲಬ್ಧದ ನಾಲ್ಕರಷ್ಟನ್ನು 500ರಿಂದ ಗುಣಲಬ್ಧವನ್ನು ಕಳೆದ ಶೇಷದಿಂದ ಭಾಗಿಸುವ ರೂಪ ದೊರೆಯುತ್ತದೆ. ಗಣೇಶನ ಸೂತ್ರವನ್ನು 9ರಿಂದ ಗುಣಿಸಿ ಬರೆದರೆ, ಗುಣಲಬ್ಧದ ಒಂಬತ್ತರಷ್ಟನ್ನು 513ರಿಂದ ಗುಣಲಬ್ಧವನ್ನು ಕಳೆದ ಶೇಷದಿಂದ ಭಾಗಿಸುವ ರೂಪವಾಗುತ್ತದೆ. ಎರಡರ ಅಚ್ಚು ಒಂದೇ. ಹೆದೆಯು ಕಣ್ಣಿಗೆ ಕಾಣದಿದ್ದರೂ ಲೆಕ್ಕದೊಳಗೆ ಇದ್ದೇ ಇದೆ.

ಇದನ್ನು ಬಳಸುವವರು 9, 20, 57 ಎಂಬ ಸಂಖ್ಯೆಗಳನ್ನು ಕಾರಣ ತಿಳಿಯದೆಯೂ ಬಳಸಬಹುದಿತ್ತು. ಗಣೇಶನಿಗೆ ಈ ಅಪಾಯದ ಅರಿವಿರಲಿಲ್ಲವೆಂದು ಹೇಳಲಾಗದು. ಅವನೇ 1545ರಲ್ಲಿ ಲೀಲಾವತಿಗೆ ‘ಬುದ್ಧಿವಿಲಾಸಿನೀ’ ಎಂಬ ವ್ಯಾಖ್ಯಾನವನ್ನು ಬರೆದು ಸೂತ್ರಗಳಿಗೆ ಉಪಪತ್ತಿಗಳನ್ನು ಕೊಟ್ಟನು. ಅವನ ಗ್ರಹಲಾಘವಕ್ಕೆ ಉಪಪತ್ತಿಗಳನ್ನು ಒದಗಿಸುವ ಕೆಲಸವನ್ನು ಮುಂದೆ ಮಲ್ಲಾರಿ ಮಾಡಿದನು. ಸುಲಭಮಾರ್ಗವನ್ನು ಕೊಟ್ಟವನೇ ಕಾರಣವನ್ನೂ ಬಲ್ಲವನಾಗಿದ್ದನು. ಎರಡೂ ಬೇರೆ ಬೇರೆ ಗ್ರಂಥಗಳಲ್ಲಿ ಉಳಿದುದರಿಂದ, ಒಂದು ಮಾತ್ರ ಕೈಗೆ ಬಂದ ಕಡೆಗಳಲ್ಲಿ ವಿದ್ಯೆಯು ಅರ್ಧವಾಗಿಯೇ ಸಾಗಿತು.

ದೇಶಭಾಷೆಯಲ್ಲಿ ಕಾರಣವಿಚಾರ

ಈ ಅರ್ಧವನ್ನು ತುಂಬುವ ಕೆಲಸದಲ್ಲಿ ದೇಶಭಾಷೆಗಳ ಪಾತ್ರ ಮುಖ್ಯವಾದುದು. ಕೇರಳದ ಸಂಗಮಗ್ರಾಮದ ಮಾಧವನು 14–15ನೆಯ ಶತಮಾನಗಳಲ್ಲಿ ಜ್ಯಾವನ್ನು ಅನಂತ ಶ್ರೇಣಿಯಾಗಿ ವಿಸ್ತರಿಸಿದನು. ಅವನ ಹೆಸರಿನಲ್ಲಿ ದೊರೆಯುವ ಕೋಷ್ಟಕದಲ್ಲಿ ತ್ರಿಜ್ಯವು 3437 ಕಲೆ, 44 ವಿಕಲೆ, 48 ತೃತೀಯಗಳಷ್ಟು ಸೂಕ್ಷ್ಮವಾಗಿದೆ. ಆ ಪರಂಪರೆಯ ನೀಲಕಂಠ ಸೋಮಯಾಜಿಯು 1500ರ ಸುಮಾರಿಗೆ ‘ತಂತ್ರಸಂಗ್ರಹ’ವನ್ನು ಬರೆದನು. 16ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಮಲಯಾಳ ಗದ್ಯದಲ್ಲಿ ‘ಯುಕ್ತಿಭಾಷಾ’ವನ್ನು ರಚಿಸಿ ಇವೆಲ್ಲಕ್ಕೂ ಕಾರಣಗಳನ್ನು ವಿವರಿಸಿದನು. ಅಲ್ಲಿಯ ಯುಕ್ತಿಯು ಆರ್ಯಭಟನ ಎರಡನೆಯ ಮಾರ್ಗದಿಂದಲೇ ಹೊರಡುತ್ತದೆ. ಚಾಪವನ್ನು ಬಹು ಸಣ್ಣ ಸಮಭಾಗಗಳಾಗಿ ಮಾಡಿದಾಗ, ಸಮರೂಪ ತ್ರಿಭುಜಗಳಿಂದ ಜ್ಯಾಂತರವು ಕೋಟಿಜ್ಯಾಕ್ಕೂ ಕೋಟಿಜ್ಯಾಂತರವು ಜ್ಯಾಕ್ಕೂ ಅನುಪಾತದಲ್ಲಿರುವುದು ಸಿದ್ಧವಾಗುತ್ತದೆ. ಆ ಅಂತರಗಳನ್ನು ಸಂಕಲಿತ, ಸಂಕಲಿತದ ಸಂಕಲಿತ ಎಂದು ಮತ್ತೆ ಮತ್ತೆ ಕೂಡಿದಾಗ ಶ್ರೇಣಿಯ ಒಂದೊಂದು ಪದವೂ ಹೊರಬರುತ್ತದೆ. ರೇಖಾಗಣಿತದಿಂದ ಹೊರಟು, ಅಂಕಗಣಿತದ ಸಂಕಲಿತಗಳ ಮೂಲಕ ಹಾದು, ಇಂದು ಕಲನಶಾಸ್ತ್ರವೆನ್ನುವ ಎಡೆಯನ್ನು ತ್ರಿಕೋನಮಿತಿಯು ಹೀಗೆ ಮುಟ್ಟಿತು. 1830ರ ದಶಕದಲ್ಲಿ ಚಾರ್ಲ್ಸ್ ವಿಶ್ ಈ ಶ್ರೇಣಿಗಳ ಬಗ್ಗೆ ಪ್ರಬಂಧವನ್ನು ಪ್ರಕಟಿಸಿದರೂ, ಯುಕ್ತಿಭಾಷಾದ ಗಣಿತಭಾಗವು ಟಿಪ್ಪಣಿಗಳೊಡನೆ ತ್ರಿಶೂರಿನಿಂದ ಅಚ್ಚಾದುದು 1948ರಲ್ಲಿ, ಕೆ. ವಿ. ಶರ್ಮರ ಇಂಗ್ಲಿಷ್ ಅನುವಾದ ಪ್ರಕಟವಾದುದು 2008ರಲ್ಲಿ.

ಕನ್ನಡದಲ್ಲಿಯೂ ಗ್ರಹಗಣಿತವನ್ನು ವಿವರಿಸಿದ ಗ್ರಂಥವಿದೆ. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ವಿದ್ದಣಾಚಾರ್ಯರ ‘ವಾರ್ಷಿಕತಂತ್ರ’ಕ್ಕೆ ‘ಗಣಿತಗನ್ನಡಿ’ ಎಂಬ ಕನ್ನಡ ವ್ಯಾಖ್ಯಾನವನ್ನು ರಚಿಸಿದರು. ನಂದಿನಾಗರಿ ಲಿಪಿಯಲ್ಲಿದ್ದ ಈ ಕೃತಿಯು ಇಂಗ್ಲಿಷ್ ಅನುವಾದದೊಡನೆ ಪ್ರಕಟವಾದುದು 2021ರಲ್ಲಿ. ಗ್ರಹಣ ಮತ್ತು ಗ್ರಹಗತಿಗಳ ಲೆಕ್ಕವನ್ನು ಕನ್ನಡದಲ್ಲಿಯೇ ಕಲಿಸುವ ಕ್ರಮವು ನಾಲ್ಕು ಶತಮಾನಗಳ ಹಿಂದೆ ಇದ್ದಿತೆಂಬುದಕ್ಕೆ ಅದು ಸಾಕ್ಷಿ.

ಪ್ರತ್ಯೇಕ ವಿಷಯವಾಗಿ ತ್ರಿಕೋನಮಿತಿ

ತ್ರಿಕೋನಮಿತಿಯನ್ನು ಖಗೋಳಶಾಸ್ತ್ರದಿಂದ ಬಿಡಿಸಿ ಸ್ವತಂತ್ರವಾಗಿ ನಿರೂಪಿಸುವ ಕ್ರಮವು 13ನೆಯ ಶತಮಾನದ ನಾಸಿರುದ್ದೀನ್ ತೂಸಿಯಲ್ಲಿಯೂ, 1464ರ ಸುಮಾರಿಗೆ ಬರೆದು 1533ರಲ್ಲಿ ಅಚ್ಚಾದ ರೆಗಿಯೊಮೊಂಟಾನಸ್‌ನ ಗ್ರಂಥದಲ್ಲಿಯೂ ಕಾಣುತ್ತದೆ. ‘ಟ್ರಿಗೊನೊಮೆಟ್ರಿ’ ಎಂಬ ಹೆಸರು 1595ರಲ್ಲಿ ಪಿಟಿಸ್ಕಸ್‌ನ ಪುಸ್ತಕದಿಂದ ಬಂದಿತು. 1748ರಲ್ಲಿ ಆಯ್ಲರ್‌ನು ಸೈನನ್ನು ಉತ್ಪನ್ನವನ್ನಾಗಿ ಗಣಿಸಿ ತ್ರಿಜ್ಯವನ್ನು 1 ಎಂದು ಇಟ್ಟುಕೊಂಡ ಮೇಲೆ ಹೆದೆಯ ಉದ್ದವು ಕೇವಲ ಅನುಪಾತವಾಯಿತು. ಈ ರೂಪದಲ್ಲಿ ಅದು ಆಡಳಿತದ ಸಾಧನವಾಗಿ ಭಾರತಕ್ಕೆ ಬಂದಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ತ್ರಿಭುಜೀಕರಣಕ್ಕೆ ತೊಡಗಿದನು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದು, ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣವೆಂದು ಹೆಸರಾದ ಕಾರ್ಯವನ್ನು ಆರಂಭಿಸಿದನು. ಒಂದು ರೇಖೆಯನ್ನು ನೆಲದ ಮೇಲೆ ಅಳೆದರೆ ಉಳಿದುದೆಲ್ಲ ಕೋನಗಳಿಂದ ಸಿದ್ಧಿಸುತ್ತದೆಂಬುದು ಆ ಕಾರ್ಯದ ಆಧಾರ. ಶಾಲೆಗಳಿಗೆ ಟಾಡ್‌ಹಂಟರ್‌ನ 1859ರ ಪುಸ್ತಕವೂ ಲೋನಿಯ 1893ರ ಪುಸ್ತಕವೂ ಬಂದುವು.

ಪ್ರತ್ಯೇಕತೆಯಿಂದ ಅನುಕೂಲವೂ ಆಯಿತು: ಸಂಕೇತಗಳು ಸರಳವಾದುವು, ಅಭ್ಯಾಸ ಸುಗಮವಾಯಿತು. ಆದರೆ ಪುಸ್ತಕದ ಕೊನೆಯಲ್ಲಿ ಅಚ್ಚಾದ ಕೋಷ್ಟಕವು ಎಲ್ಲಿಂದ ಬಂದಿತೆಂಬ ಪ್ರಶ್ನೆಯು ಪಾಠದಿಂದ ಹೊರಗುಳಿಯಿತು. ಗ್ರಹಲಾಘವದ 9, 20, 57ರ ಸ್ಥಿತಿಯೇ ಮರುಕಳಿಸಿತು. ಕುಂಭಕೋಣದ ಬಾಲಕ ಶ್ರೀನಿವಾಸ ರಾಮಾನುಜನ್ ಲೋನಿಯ ಪುಸ್ತಕವನ್ನು ಓದಿ, ಸೈನ್ ಮತ್ತು ಕೋಸೈನ್‌ಗಳ ಬಗ್ಗೆ ಆಯ್ಲರ್ ಕಂಡಿದ್ದ ಫಲಿತಾಂಶಗಳನ್ನು ತಾನಾಗಿಯೇ ಕಂಡುಕೊಂಡರು. ಅವು ಹಿಂದೆಯೇ ತಿಳಿದಿದ್ದುವೆಂದು ಗೊತ್ತಾದಾಗ ಬರೆದ ಹಾಳೆಗಳನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟರೆಂದು ಅವರ ಆರಂಭದ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಕೋಷ್ಟಕದ ಹಿಂದಿನ ಪ್ರಶ್ನೆಯನ್ನು ಹಿಡಿದು ಹೊರಟವರಿಗೆ ಅದು ಮತ್ತೆ ಶ್ರೇಣಿಗಳ ಕಡೆಗೇ ದಾರಿ ತೋರಿಸಿತು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಜ್ಯಾವನ್ನು ಪಡೆಯಲು ರೇಖಾಗಣಿತ, ಅದನ್ನು ವಿಸ್ತರಿಸಲು ಬೀಜಗಣಿತ, ಕೋಷ್ಟಕದ ನಡುವಿನ ಸ್ಥಳವನ್ನು ತುಂಬಲು ಅಂಕಗಣಿತ, ಅದರ ಗತಿಯನ್ನು ಅರಿಯಲು ಸಂಕಲಿತ ಬೇಕಾದುವು. ಭಾರತೀಯ ಪರಂಪರೆಯಲ್ಲಿ ತ್ರಿಕೋನಮಿತಿಯ ಅಧ್ಯಯನವೆಂದರೆ ಈ ನಾಲ್ಕನ್ನೂ ಒಂದೇ ಕೆಲಸದಲ್ಲಿ ಬಳಸುವ ಅಭ್ಯಾಸವಾಗಿತ್ತು. ಆ ಪರಂಪರೆಯೊಳಗೂ ಕೋಷ್ಟಕವು ಕಾರಣದಿಂದ ಬೇರೆಯಾದ ಸಂದರ್ಭಗಳಿದ್ದುವು. ವ್ಯಾಖ್ಯಾನಕಾರರೂ ದೇಶಭಾಷೆಯ ಲೇಖಕರೂ ಅವನ್ನು ಮತ್ತೆ ಕೂಡಿಸಲು ಯತ್ನಿಸಿದರು. ಇಂದಿನ ತರಗತಿಯಲ್ಲಿ 3438, 1719 ಮತ್ತು 2431 ಎಂಬ ಮೂರು ಸಂಖ್ಯೆಗಳನ್ನು ಕೊಟ್ಟು ಉಳಿದ ಜ್ಯಾಗಳನ್ನು ಮಕ್ಕಳಿಂದಲೇ ಕಟ್ಟಿಸಬಹುದು; ಅದಕ್ಕೆ ವರ್ಗಮೂಲದ ಆಚೆಗೆ ಯಾವ ಹೊಸ ಸಾಧನವೂ ಬೇಕಿಲ್ಲ. ತ್ರಿಜ್ಯ, ಜ್ಯಾ, ಸೈನ್ ಎಂಬ ಮೂರು ಪದಗಳ ನಂಟನ್ನು ಹೇಳಿ ಆ ಪಾಠವನ್ನು ಆರಂಭಿಸಿದರೆ, ಕನ್ನಡದ ಪಠ್ಯದಲ್ಲಿ ಈಗಾಗಲೇ ಇರುವ ಪರಿಭಾಷೆಯೇ ಜ್ಯೋತ್ಪತ್ತಿಗೆ ಪ್ರವೇಶವಾಗುತ್ತದೆ.